ಕಂಪ್ಯೂಟರಿನ ರ‍್ಯಾಮೂ ಮನೆಯ ಮಿತವ್ಯಯವೂ

ಕಂಪ್ಯೂಟರು ಮಂದಗತಿಯದಾಯಿತೆಂದು ಅದನ್ನು ಗುಜರಿಗೆ ಹಾಕಿ, ಮಗಳ ವ್ಯಾಸಂಗಕ್ಕಾಗಿ ಸಾಲಮಾಡಿ ಹೊಸದನ್ನು ಕೊಳ್ಳುವ ತಂದೆತಾಯಿಗಳುಂಟು. ಇದು ಅನೇಕ ವೇಳೆ ಅನಾವಶ್ಯಕವೆಂಬುದೇ ನನ್ನ ಅಭಿಪ್ರಾಯವು. 4 ಜಿಬಿ ರ‍್ಯಾಮ್ ಇರುವ ಯಂತ್ರಕ್ಕೆ ಇನ್ನೂ 4 ಜಿಬಿಯನ್ನು ಕೂಡಿಸಿದರೆ ಅದು ಮಗುವಿನ ಓದುಬರಹಕ್ಕೆ ಕೆಲವು ವರ್ಷ ಸಾಕಾದೀತು.

ಆದರೆ ಗೋಪುರವನ್ನು ಕಟ್ಟುವವನು ಮೊದಲು ಕುಳಿತು ಖರ್ಚನ್ನು ಎಣಿಸತಕ್ಕದ್ದೆಂದು ಸತ್ಯವೇದದ ಪಾಠದಲ್ಲಿ ಕಲಿತವರು ನಾವು. ದುರ್ಗಿಗುಡಿಯ ಅಂಗಡಿಬೀದಿಗೆ ಹೊರಡುವ ಮುನ್ನ ನಮ್ಮ ಯಂತ್ರಕ್ಕೆ ಒಪ್ಪುವ ಜಾತಿ ಯಾವುದೆಂದು ತಿಳಿಯಬೇಕು. ಡಿಡಿಆರ್3, ಡಿಡಿಆರ್4, ಡಿಡಿಆರ್5 ಎಂಬಿವುಗಳ ಕಚ್ಚುಗಳು ಬೇರೆಬೇರೆ ಸ್ಥಾನದಲ್ಲಿರುವುದರಿಂದ ಒಂದರ ಗೂಡಿನಲ್ಲಿ ಮತ್ತೊಂದು ಕೂರದು. ಹಳೆಯದನ್ನೇ ಬಿಚ್ಚಿ ಜೊತೆಗೊಯ್ಯುವುದು ಲೇಸು.

2025ನೆಯ ಇಸವಿಯ ಕೊನೆಯಲ್ಲಿ, ಕೃತಕ ಬುದ್ಧಿಯ ಮಹಾಯಂತ್ರಶಾಲೆಗಳ ಬೇಡಿಕೆಯಿಂದ, ರ‍್ಯಾಮಿನ ಬೆಲೆಯು ಲೋಕದಲ್ಲೆಲ್ಲಾ ಬಹಳವಾಗಿ ಏರಿತು. ಆ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪೆನಿಯವರು ‘ಕ್ರೂಶಿಯಲ್’ ಎಂಬ ಹೆಸರಿನ ತಮ್ಮ ಬಿಡಿಮಾರಾಟವನ್ನು ನಿಲ್ಲಿಸುವೆವೆಂದು ಸಾರಿದರು. ಇಂಥ ಕಾಲದಲ್ಲಿ ರಸೀತಿಯಿಲ್ಲದ ಅಗ್ಗದ ಮಾಲು ಮನಸ್ಸನ್ನು ಸೆಳೆಯುವುದು ಸಹಜವೇ. ಆದರೆ ಕೆಟ್ಟ ರ‍್ಯಾಮ್ ಸದ್ದಿಲ್ಲದೆ ಬರಹವನ್ನು ಕೆಡಿಸಬಲ್ಲುದು. ಮಗಳ ವರ್ಷದ ಶ್ರಮವು ಹಾಳಾದ ಮೇಲೆ ಉಳಿಸಿದ ರೂಪಾಯಿಗಳಿಂದೇನು ಫಲ? ಬಳಸಿದ ಮಾಲನ್ನು ಕೊಳ್ಳುವುದು ತಪ್ಪಲ್ಲ; ಹಿಂತಿರುಗಿಸುವ ಕರಾರನ್ನು ರಸೀತಿಯಲ್ಲಿ ಬರೆಸಿಕೊಂಡು, ಬೆಲೆಯಿಲ್ಲದೆ ದೊರೆಯುವ ಮೆಮ್‌ಟೆಸ್ಟ್ ಎಂಬ ಸಾಧನದಿಂದ ಒಂದು ರಾತ್ರಿ ಪರೀಕ್ಷಿಸಿರಿ.

ಹರಿದುದನ್ನು ಎಸೆಯದೆ ಹೊಲಿಯುವುದನ್ನು ಹೊಲಿಗೆಯ ತರಗತಿಯಲ್ಲಿ ಕಲಿತ ನಮಗೆ ಈ ಬುದ್ಧಿ ಹೊಸದೇನಲ್ಲ. ಸೋದರಿಯರೇ, ನಿಮ್ಮಲ್ಲಿ ಮಿಕ್ಕ ಒಳ್ಳೆಯ ರ‍್ಯಾಮಿದ್ದರೆ ಬೀರುವಿನಲ್ಲಿ ಮುಚ್ಚಿಡದೆ, ಅದಕ್ಕೆ ಒಪ್ಪುವ ಯಂತ್ರವುಳ್ಳ ಬಡ ವಿದ್ಯಾರ್ಥಿನಿಗೆ ಕೊಡಿರಿ.