ಹೋಟೆಲಿನ ಕೋಣೆಗೆ ಯಾರ ಹೊಳೆಯ ನೀರು?

ಕಳೆದ ಬೇಸಿಗೆಯಲ್ಲಿ ತಾಲ್ಲೂಕು ಕೇಂದ್ರದ ಕಾಲೇಜೊಂದರಲ್ಲಿ ಮಣ್ಣು-ನೀರಿನ ಬಗ್ಗೆ ಮಾತನಾಡಿ ಮುಗಿಸಿದಾಗ ಹಿಂದಿನ ಬೆಂಚಿನ ವಿದ್ಯಾರ್ಥಿಯೊಬ್ಬ ಎದ್ದು ನಿಂತು ಕೇಳಿದ: "ಸರ್, ಬೆಂಗಳೂರಿನಲ್ಲಿ ಸಮಾವೇಶ ಕೇಂದ್ರಗಳು ಬೆಳೆದರೆ, ಅವುಗಳ ಸುತ್ತ ಹೋಟೆಲುಗಳು ಎದ್ದರೆ ಮಲೆನಾಡಿನವರಿಗೆ ಏನು ನಷ್ಟ? ನನ್ನ ಅಣ್ಣ ಅಲ್ಲೇ ಒಂದು ದೊಡ್ಡ ಹೋಟೆಲಿನಲ್ಲಿ ಕೆಲಸಕ್ಕಿದ್ದಾನೆ." ಬಸ್ಸಿಗೆ ಹೊತ್ತಾಗಿದ್ದರಿಂದ ಅಂದು ಅರ್ಧ ಉತ್ತರ ಹೇಳಿ ಬಂದೆ. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ತುಮಕೂರು ರಸ್ತೆಯ ಮಾದಾವರದಲ್ಲಿ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರ ಆರಂಭವಾದದ್ದು 2007ರಲ್ಲಿ. 2024ರ ನವೆಂಬರಿನಲ್ಲಿ ಮೆಟ್ರೋ ರೈಲು ಅದರ ಬಾಗಿಲಿಗೇ ಬಂದಿತು. ಅತ್ತ ದೇವನಹಳ್ಳಿಯ ವಿಮಾನ ನಿಲ್ದಾಣದ ಆವರಣದಲ್ಲಿ 775 ಕೋಣೆಗಳ ಜೋಡಿ ಹೋಟೆಲು ಯೋಜಿತವಾಯಿತು. (ನಮ್ಮ ಕಡೆ ಹೋಟೆಲ್ ಎಂದರೆ ದೋಸೆ ತಿಂದು ಕಾಫಿ ಕುಡಿದು ಎದ್ದು ಬರುವ ಜಾಗ. ನಾನು ಹೇಳುತ್ತಿರುವುದು ಅದನ್ನಲ್ಲ, ಮಲಗಿ ಏಳುವ ಹೋಟೆಲನ್ನು.) ಈ ವ್ಯವಹಾರದ ವಕೀಲರು ಎಲ್ಲ ನಗರಗಳಲ್ಲಿಯೂ ಹೂಡುವ ವಾದ ಒಂದೇ. ದೊಡ್ಡ ಸಮಾವೇಶಗಳು ಬರಬೇಕಾದರೆ ಹತ್ತಿರದಲ್ಲಿ ಕೋಣೆಗಳು ಬೇಕು. ಕೋಣೆಗಳು ತುಂಬಬೇಕಾದರೆ ಕೇಂದ್ರ ಇನ್ನಷ್ಟು ದೊಡ್ಡದಾಗಬೇಕು. ಕೇಂದ್ರ ದೊಡ್ಡದಾದರೆ ಮತ್ತೆ ಕೋಣೆಗಳು ಸಾಲವು. ಗಾಣದೆತ್ತು ಸುತ್ತುತ್ತದೆ, ಎಣ್ಣೆ ಯಾರ ಪಾತ್ರೆಗೆ ಬೀಳುತ್ತದೆ ಎಂದು ಯಾರೂ ಕೇಳುವುದಿಲ್ಲ.

ಅಮೆರಿಕದ ಬಾಲ್ಟಿಮೋರ್ ನಗರ ಈ ಗಾಣಕ್ಕೆ ಕತ್ತು ಕೊಟ್ಟಿತು. 1979ರಲ್ಲಿ ಸಮಾವೇಶ ಕೇಂದ್ರ ತೆರೆಯಿತು, ತೊಂಬತ್ತರ ದಶಕದಲ್ಲಿ ಅದನ್ನು ವಿಸ್ತರಿಸಿತು. ನಿರೀಕ್ಷಿಸಿದಷ್ಟು ಸಭೆಗಳು ಬರಲಿಲ್ಲ. ಪಕ್ಕದಲ್ಲಿ ದೊಡ್ಡ ಹೋಟೆಲಿಲ್ಲದ್ದೇ ಕಾರಣ ಎಂದು ಸಲಹೆಗಾರರು ಹೇಳಿದರು. ನಗರಾಡಳಿತ ಸುಮಾರು 30 ಕೋಟಿ ಡಾಲರ್ ಸಾಲಪತ್ರಗಳನ್ನು ಹೊರಡಿಸಿ ತಾನೇ 757 ಕೋಣೆಗಳ ಹೋಟೆಲನ್ನು ಕಟ್ಟಿ 2008ರಲ್ಲಿ ತೆರೆಯಿತು. ಅದು ವರ್ಷಗಟ್ಟಲೆ ನಷ್ಟದಲ್ಲಿ ನಡೆಯಿತು. ಟೆಕ್ಸಾಸ್ ವಿಶ್ವವಿದ್ಯಾಲಯದ ಹೇವುಡ್ ಸ್ಯಾಂಡರ್ಸ್ 2005ರ ವರದಿಯಲ್ಲಿಯೂ 2014ರ ಗ್ರಂಥದಲ್ಲಿಯೂ ಇಂಥ ಅನೇಕ ನಗರಗಳ ಲೆಕ್ಕವನ್ನು ತೆರೆದಿಟ್ಟಿದ್ದಾರೆ. ಸಲಹೆಗಾರರು ಮುಂಗಾಣುವ ಅತಿಥಿಗಳ ಸಂಖ್ಯೆಗೂ ನಿಜವಾಗಿ ಬಂದವರ ಸಂಖ್ಯೆಗೂ ತಾಳೆಯಾಗುವುದಿಲ್ಲ ಎಂಬುದು ಅವರ ಅಧ್ಯಯನದ ಸಾರ.

ಬಾಲ್ಟಿಮೋರಿನವರು ಕಳೆದುಕೊಂಡದ್ದು ಹಣವನ್ನು. ನಮ್ಮಲ್ಲಿ ಹಣ ಖಾಸಗಿಯವರದ್ದು, ಅವರ ನಷ್ಟ ಅವರಿಗಿರಲಿ ಎನ್ನಬಹುದು. ಆದರೆ ನೀರು ಯಾರದ್ದು?

ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಪಂಚತಾರಾ ಹೋಟೆಲಿನ ಅತಿಥಿಯೊಬ್ಬನಿಗೆ ದಿನಕ್ಕೆ 320 ಲೀಟರ್ ನೀರು ಬೇಕು. ಜಲಜೀವನ್ ಮಿಷನ್ ಹಳ್ಳಿಯವನಿಗೆ ಗೊತ್ತುಮಾಡಿರುವುದು 55 ಲೀಟರ್. 500 ಕೋಣೆಗಳ ಒಂದು ಹೋಟೆಲಿನಲ್ಲಿ ಕೋಣೆಗೆ ಇಬ್ಬರಂತೆ ತುಂಬಿದರೆ ದಿನಕ್ಕೆ 3 ಲಕ್ಷ 20 ಸಾವಿರ ಲೀಟರ್. ಅದು 5,800 ಹಳ್ಳಿಗರ ಪಾಲು. ಸಭೆಗೆ ಬಂದವರು ಒಬ್ಬೊಬ್ಬರೇ ಉಳಿಯುತ್ತಾರೆಂದು ಅರ್ಧಕ್ಕೆ ಇಳಿಸಿದರೂ 2,900 ಜನರ ಪಾಲು. ಏಪ್ರಿಲಿನಲ್ಲಿ ಅಡಿಕೆ ದಬ್ಬೆಯ ನೀರು ಬೆರಳಿನಷ್ಟು ಸಣ್ಣಗಾಗುವುದನ್ನು ಕಂಡವರಿಗೆ ಈ ಅಂಕಿಗಳ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಬೆಂಗಳೂರಿನ ನೆಲದಡಿಯಲ್ಲಿ ಇಷ್ಟು ನೀರಿಲ್ಲ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಸಾವಿರಗಟ್ಟಲೆ ಬತ್ತಿದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತು. ಅದೇ ವರ್ಷದ ಅಕ್ಟೋಬರಿನಲ್ಲಿ ದಿನಕ್ಕೆ 77.5 ಕೋಟಿ ಲೀಟರಿನ ಕಾವೇರಿ ಐದನೆಯ ಹಂತ ಉದ್ಘಾಟನೆಯಾಯಿತು. ಕೊಡಗಿನ ಬೆಟ್ಟದಲ್ಲಿ ಹುಟ್ಟಿದ ನದಿಯನ್ನು ನೂರು ಕಿಲೋಮೀಟರ್ ಒಯ್ದು, ಮೂರು ಕಡೆ ಪಂಪು ಮಾಡಿ ಮೇಲಕ್ಕೆತ್ತಬೇಕು. ಅದೂ ಸಾಲದೆಂದು 2019ರಲ್ಲಿ ಶರಾವತಿಯ ಮೇಲೆ ಕಣ್ಣು ಬಿದ್ದಿತು. ಆ ಜುಲೈಯಲ್ಲಿ ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿದ ಮೇಲೆ ಯೋಜನೆ ಹಿಂದೆ ಸರಿಯಿತು, ಸತ್ತಿಲ್ಲ. ಲಿಂಗನಮಕ್ಕಿಯಲ್ಲಿ ಮುಳುಗಿದವರ ಮಕ್ಕಳು, ಮೊಮ್ಮಕ್ಕಳು ಹಕ್ಕುಪತ್ರಕ್ಕಾಗಿ ಇಂದಿಗೂ ಕಛೇರಿಗಳಿಗೆ ಅಲೆಯುತ್ತಿರುವಾಗ ಅದೇ ನೀರಿಗೆ ಎರಡನೆಯ ಬಾರಿ ಕೈ ಚಾಚಲಾಗಿದೆ.

ಕುಡಿಯುವ ನೀರಿಗೆ ಅಡ್ಡಿ ಮಾಡುವವರು ನೀವು ಎಂಬ ಆರೋಪ ಕೂಡಲೇ ಬರುತ್ತದೆ. ಅಡ್ಡಿ ನಾವಲ್ಲ. 2018ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಬೆಂಗಳೂರಿಗೆಂದು ಹೆಚ್ಚುವರಿ 4.75 ಟಿಎಂಸಿ ಕೊಟ್ಟದ್ದು ಕುಡಿಯುವುದಕ್ಕೆ ಮತ್ತು ಗೃಹಬಳಕೆಗೆ. ಕೊಳೆಗೇರಿಯ ಹೆಂಗಸು ಕೊಡ ಹಿಡಿದು ಟ್ಯಾಂಕರಿಗೆ ಕಾಯುವ ಊರಿನಲ್ಲಿ ಈಜುಕೊಳ ಯಾವ ಗೃಹದ ಬಳಕೆ? ಬಡವರ ಬಾಯಾರಿಕೆಯನ್ನು ಮುಂದಿಟ್ಟು ನದಿಯನ್ನು ಕೇಳುವುದು, ಬಂದ ನೀರನ್ನು ಹಣವುಳ್ಳವರ ನಲ್ಲಿಗೆ ತಿರುಗಿಸುವುದು, ಇದನ್ನು ನಾವು ಒಪ್ಪಲಾರೆವು.

ದೊಡ್ಡ ಹೋಟೆಲುಗಳಲ್ಲಿ ಕೊಳಚೆ ನೀರಿನ ಶುದ್ಧೀಕರಣ ಘಟಕಗಳಿರುತ್ತವೆ, ನಿಜ. ಹಾಗಾದರೆ ಅದೇ ನೀರಿನಲ್ಲಿ ಶೌಚಾಲಯ, ಹವಾನಿಯಂತ್ರಣ, ತೋಟ ಎಲ್ಲವೂ ನಡೆಯಲಿ. ಮಾಪಕದ ಲೆಕ್ಕ ತಿಂಗಳಿಗೊಮ್ಮೆ ಬಹಿರಂಗವಾಗಲಿ. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಎರಡನೆಯ ಹಂತದವರೆಗೆ ಮಾತ್ರ ಶುದ್ಧಗೊಳಿಸಿ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಮೂರನೆಯ ಹಂತ ಬೇಕೆಂದು ಅಲ್ಲಿನ ರೈತರು ಕೂಗಿದರೂ ಕೇಳುವವರಿಲ್ಲ. ಟೊಮ್ಯಾಟೊ ಬೆಳೆಯುವ ರೈತನಿಗೆ ಸಾಕೆನಿಸಿದ ನೀರು ಅತಿಥಿಯ ಶೌಚಾಲಯಕ್ಕೆ ಸಾಲದೇ? ನದಿಯ ನೀರಿನ ಹೊಸ ಸಂಪರ್ಕ ಪಡೆಯದೆ ನಡೆಯಬಲ್ಲ ಹೋಟೆಲನ್ನು ಕಟ್ಟಲಿ, ನಮ್ಮ ತಕರಾರಿಲ್ಲ.

ಆ ವಿದ್ಯಾರ್ಥಿಯ ಅಣ್ಣನ ಅನ್ನಕ್ಕೆ ಕಲ್ಲು ಹಾಕುವ ಮನಸ್ಸು ನನಗಿಲ್ಲ. ಮಲೆನಾಡಿನ ತೋಟದಲ್ಲಿ ಕೆಲಸ ಹುಟ್ಟದೆ ಅವನು ಊರು ಬಿಟ್ಟ. ಅದರಲ್ಲಿ ನನ್ನಂಥ ಕೃಷಿ ವಿಜ್ಞಾನಿಗಳ ಸೋಲೂ ಇದೆ. ಆದರೆ ಊರಿನ ಹಳ್ಳ ಬತ್ತಿದ ಮೇಲೆ ತಮ್ಮನೂ ಬಸ್ಸು ಹತ್ತಬೇಕಾಗುತ್ತದೆ. ಮುಂದಿನ ತಿಂಗಳ ಗ್ರಾಮಸಭೆಗೆ 55 ಮತ್ತು 320 ಎಂಬ ಎರಡು ಅಂಕಿಗಳನ್ನು ರಟ್ಟಿನ ಮೇಲೆ ದೊಡ್ಡದಾಗಿ ಬರೆದು ತರುತ್ತೇನೆಂದು ಅವನು ಪತ್ರ ಬರೆದಿದ್ದಾನೆ.