ನೀತಿಪಾಠ ಹೇಳುವ ಸಚಿವರಿಗೊಂದು ಬಹಿರಂಗ ಪತ್ರ

ಸನ್ಮಾನ್ಯ ಶಾಲಾ ಶಿಕ್ಷಣ ಸಚಿವರೇ,

ಪ್ರೌಢಶಾಲೆಯ ಮಕ್ಕಳ ನಡತೆ, ಸಂಸ್ಕಾರಗಳ ಬಗ್ಗೆ ತಮಗಿರುವ ಕಳಕಳಿಯನ್ನು ನಾಡು ಚೆನ್ನಾಗಿ ಬಲ್ಲದು. ಅದನ್ನು ತೋಡಿಕೊಳ್ಳದೆ ತಾವು ಇಳಿದ ವೇದಿಕೆಯೇ ಇಲ್ಲ. ವಾರಕ್ಕೆರಡು ಪೀರಿಯಡ್ ನೈತಿಕ ಶಿಕ್ಷಣವೆಂದು ತಾವು ಘೋಷಿಸಿದಾಗ ಚಪ್ಪಾಳೆ ಬಿತ್ತು. ಹಿಂದಿನ ಸರ್ಕಾರದಲ್ಲಿ ಇದೇ ಕುರ್ಚಿಯಲ್ಲಿದ್ದವರೂ ನೈತಿಕ ಶಿಕ್ಷಣದ ಮಾತಾಡಿಯೇ ಚಪ್ಪಾಳೆ ಗಿಟ್ಟಿಸಿದ್ದರು. ವೇಳಾಪಟ್ಟಿಯಲ್ಲಿ ವಾರಕ್ಕೆ ಒಂದೆರಡು ಪೀರಿಯಡ್ ಮೌಲ್ಯಗಳಿಗೆ ಮೀಸಲಿಡಿ ಎಂದು ಕೊಠಾರಿ ಆಯೋಗ 1966ರಲ್ಲೇ ಹೇಳಿತ್ತು. ಅಷ್ಟು ಹಳೆಯ ಶಿಫಾರಸನ್ನು ಇಂದು ಬೆಳಿಗ್ಗೆ ಹೊಳೆದದ್ದೆಂಬಂತೆ ಹೇಳುವ ತಮ್ಮ ಕಲೆಗೆ ನಮಸ್ಕಾರ.

ಆ ಪೀರಿಯಡ್ ಎಲ್ಲಿ ಹೋಗುತ್ತದೆಂದು ತಮಗೆ ಯಾರೂ ತಿಳಿಸಿರಲಾರರು. ದಸರಾ ರಜೆ ಮುಗಿದ ಮೇಲೆ ಹತ್ತನೇ ತರಗತಿಯಲ್ಲಿ ಅದು ಗಣಿತದ ಮೇಷ್ಟ್ರ ಪಾಲು. ಅವರನ್ನು ಬೈದು ಫಲವಿಲ್ಲ. ಫಲಿತಾಂಶ ಇಳಿದರೆ ಕಾರಣ ಕೇಳಿ ನೋಟಿಸ್ ಬರುವುದು ಶಾಲೆಗೆ. ಜಿಲ್ಲೆ ಎಷ್ಟನೇ ಸ್ಥಾನಕ್ಕೆ ಜಾರಿತೆಂದು ಮೇಲಿನವರು ಡಿಡಿಪಿಐ ಅವರನ್ನು ಕೇಳಿದರೆ, ಡಿಡಿಪಿಐ ಬಿಇಒ ಅವರನ್ನು, ಬಿಇಒ ಮುಖ್ಯಶಿಕ್ಷಕರನ್ನು ಕೇಳುತ್ತಾರೆ. ಮಕ್ಕಳು ಪಕ್ಕದ ಬೆಂಚಿನವನ ಜಾತಿ ಕೇಳುವುದನ್ನು ಬಿಟ್ಟರೇ ಎಂದು ಯಾವ ಪರಿಶೀಲನಾ ಸಭೆಯಲ್ಲಾದರೂ ತಾವು ವಿಚಾರಿಸಿದ್ದುಂಟೇ? ಕಲಿಕೆಯಲ್ಲಿ ಹಿಂದುಳಿದ ಮಗುವಿನ ಕೈಗೆ ನಾವು ಕೊಡುವುದು 'ಪಾಸಿಂಗ್ ಪ್ಯಾಕೇಜ್': ಇಷ್ಟು ಪ್ರಶ್ನೆ ಉರುಹಚ್ಚು, ದಾಟಿಕೋ, ಉಳಿದದ್ದು ನಿನಗೆ ಬೇಡ. ಆ ಮಗು ಕಲಿಯುವ ಮೊದಲ ನೀತಿಪಾಠ ಅದು.

ಇನ್ನು ಸಂಸ್ಕೃತಿ. ಶಾಲಾ ಮಕ್ಕಳ ಪ್ರತಿಭಾ ಕಾರಂಜಿ ಸ್ಪರ್ಧೆ ತಮಗೆ ಹೆಮ್ಮೆಯ ವಿಷಯ. ಹಾರ, ಶಾಲು, ಫೋಟೊ ಎಲ್ಲವೂ ಅಲ್ಲುಂಟು. ಮಕ್ಕಳನ್ನು ತಯಾರು ಮಾಡುವ ಸಂಗೀತದ, ಚಿತ್ರಕಲೆಯ, ನಾಟಕದ ಶಿಕ್ಷಕರು ಎಷ್ಟೋ ಸರ್ಕಾರಿ ಪ್ರೌಢಶಾಲೆಗಳಲ್ಲಿ ಇಲ್ಲ ಎಂಬುದು ಮಾತ್ರ ಫೋಟೊದಲ್ಲಿ ಬರುವುದಿಲ್ಲ. ಹೆಗ್ಗೋಡಿನ ನೀನಾಸಂ, ಸಾಣೇಹಳ್ಳಿಯ ರಂಗಶಾಲೆಗಳಿಂದ ವರ್ಷವರ್ಷವೂ ತರಬೇತಾದ ಯುವಕ ಯುವತಿಯರು ಹೊರಬರುತ್ತಾರೆ. ಕಲಿಸಬಲ್ಲವರು ನಾಡಿನಲ್ಲಿದ್ದಾರೆ, ಕಲಿಯುವವರು ಶಾಲೆಯಲ್ಲಿದ್ದಾರೆ. ನಡುವೆ ಇರುವುದು ತಮ್ಮ ಇಲಾಖೆಯ ಕಡತ. ತಮ್ಮಂಥವರ ಮಕ್ಕಳು ಓದುವ ಶಾಲೆಗಳಲ್ಲಿ ಇಂಥ ಕಡತ ಇಷ್ಟು ದಿನ ಮಲಗುವುದಿಲ್ಲ.

ಸಂವಿಧಾನದ ಪೀಠಿಕೆಯನ್ನು ಮಕ್ಕಳು ಓದಬೇಕೆಂದು 2023ರಲ್ಲಿ ಸರ್ಕಾರ ಆದೇಶಿಸಿತು. ಒಳ್ಳೆಯ ಆದೇಶ. ಅದರ ಹಿಂದಿನ ವರ್ಷ ಪಠ್ಯಪುಸ್ತಕ ಪರಿಷ್ಕರಣೆಯ ಗದ್ದಲದಲ್ಲಿ ಲೇಖಕರೇ ತಮ್ಮ ಪಾಠಗಳಿಗೆ ಕೊಟ್ಟ ಅನುಮತಿಯನ್ನು ಹಿಂಪಡೆದಿದ್ದರು. ಸರ್ಕಾರ ಬದಲಾದ ಮೇಲೆ ಪುಸ್ತಕ ಮತ್ತೆ ಬದಲಾಯಿತು. ಯಾವ ಪಾಠವಿರಬೇಕೆಂದು ಎರಡೂ ಪಕ್ಷದವರು ಗಂಟಲು ಹರಿದುಕೊಂಡರು. ಆ ಪಾಠ ಮಾಡುವ ಅತಿಥಿ ಶಿಕ್ಷಕರ ಗೌರವಧನ ತಿಂಗಳುಗಟ್ಟಲೆ ಬಾಕಿ ಉಳಿದಾಗ ಆ ಗಂಟಲುಗಳೆಲ್ಲ ಎಲ್ಲಿದ್ದವು? ಸಮಾನತೆ, ನ್ಯಾಯ ಎಂದು ಮಕ್ಕಳಿಂದ ಓದಿಸುವವರು ಸಂಬಳವಿಲ್ಲದವರು.

ಕೊನೆಗೆ, ಇಲಾಖೆ ತಾನೇ ನಿಂತು ಮಾಡಿದ ನೀತಿಪಾಠ. 2024ರ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿಸಿ ವೆಬ್‌ಕಾಸ್ಟಿಂಗ್ ಮಾಡಿಸಿದಿರಿ. ಅದನ್ನು ಮನಸಾರೆ ಮೆಚ್ಚಿದೆವು. ನಕಲಿಗೆ ಕಡಿವಾಣ ಬಿತ್ತು, ಫಲಿತಾಂಶ ಕುಸಿಯಿತು, ಎಷ್ಟೋ ವರ್ಷಗಳ ಸುಳ್ಳು ಬಯಲಾಯಿತು. ಆಗ ಏನು ಮಾಡಿದಿರಿ? ಆ ವರ್ಷದ ಮಟ್ಟಿಗೆ ಕೃಪಾಂಕಕ್ಕೆ ಬೇಕಾದ ಅರ್ಹತೆಯನ್ನು ಶೇ 35ರಿಂದ 25ಕ್ಕೆ ಇಳಿಸಿದಿರಿ, ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದಿರಿ. ಅಷ್ಟೆಲ್ಲ ಮಾಡಿದ ಮೇಲೂ ಫಲಿತಾಂಶ ಮುಟ್ಟಿದ್ದು ಶೇ 73.40, ಹಿಂದಿನ ವರ್ಷ ಅದು ಶೇ 83.89 ಇತ್ತು. ಮರುವರ್ಷ ಆ ಕೃಪಾಂಕವನ್ನು ಕೈಬಿಟ್ಟಿರಿ, ನಿಜ. ಆದರೆ ಸತ್ಯ ಮುಜುಗರ ತಂದರೆ ಅಳತೆಗೋಲನ್ನೇ ಬದಲಿಸಬಹುದೆಂದು ಲಕ್ಷಾಂತರ ಮಕ್ಕಳಿಗೆ ಅಷ್ಟರಲ್ಲಿ ಕಲಿಸಿಯಾಗಿತ್ತು. ಇದಕ್ಕೆ ಪೀರಿಯಡ್ಡೂ ಬೇಕಾಗಲಿಲ್ಲ, ಪಠ್ಯಪುಸ್ತಕವೂ ಬೇಕಾಗಲಿಲ್ಲ.

ಮಾನ್ಯರೇ, ಹೊಸ ಸುತ್ತೋಲೆ ಬೇಡ. ಜಿಲ್ಲೆಗಳನ್ನು ಫಲಿತಾಂಶದ ಸಾಲಿನಲ್ಲಿ ನಿಲ್ಲಿಸುವ ಪಟ್ಟಿಯನ್ನು ನಿಲ್ಲಿಸಿ. ಕಲೆ, ಸಂಗೀತ, ನಾಟಕ, ದೈಹಿಕ ಶಿಕ್ಷಣದ ಹುದ್ದೆಗಳನ್ನು ತುಂಬಿ. ಅತಿಥಿ ಶಿಕ್ಷಕರಿಗೆ ತಿಂಗಳ ಕೊನೆಗೆ ಹಣ ಕೊಡಿ. ಮೂರೂ ತಮ್ಮ ಸರ್ಕಾರದ ಕೈಯಲ್ಲೇ ಇರುವ ಕೆಲಸಗಳು. ಇವು ಆಗುವವರೆಗೆ ದಯವಿಟ್ಟು ಮಕ್ಕಳ ಮುಂದೆ ನೀತಿಯ ಮಾತನಾಡಬೇಡಿ; ಅವರು ತಮ್ಮ ಇಲಾಖೆಯನ್ನು ನೋಡಿಯೇ ಕಲಿಯುತ್ತಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ಸರ್ಕಾರಿ ಶಾಲೆಯ ಮಗುವೊಂದರ ಪೋಷಕ