ಒಂದೇ ಬಾಗಿಲಿನ ಮನೆ

ಕರ್ನಾಟಕ ಲೋಕಸೇವಾ ಆಯೋಗವು 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗಾಗಿ 2024ರ ಆಗಸ್ಟ್ 27ರಂದು ನಡೆಯಿಸಿದ ಪೂರ್ವಭಾವಿ ಪರೀಕ್ಷೆಯ ವೃತ್ತಾಂತವನ್ನು ನಮ್ಮ ವಾಚಕರು ಮರೆತಿರಲಾರರು. ಕನ್ನಡನಾಡಿನ ಆಯೋಗವೇ ಕನ್ನಡದ ಮಕ್ಕಳ ಮುಂದಿರಿಸಿದ ಹಲವು ಪ್ರಶ್ನೆಗಳ ಕನ್ನಡವು ಅರ್ಥವೇ ಆಗದಷ್ಟು ಕೆಟ್ಟಿತ್ತು. ಕೂಗೆದ್ದ ಮೇಲೆ ಅದೇ ವರ್ಷದ ಡಿಸೆಂಬರ್ 29ರಂದು ಮರುಪರೀಕ್ಷೆಯಾಯಿತು. ಅದರ ಭಾಷಾಂತರದ ಮೇಲೆಯೂ ಆಕ್ಷೇಪಣೆಗಳು ಬಂದವು. ಇದಕ್ಕೂ ಮೊದಲು, 545 ಪೋಲೀಸ್ ಸಬ್ ಇನ್‌ಸ್ಪೆಕ್ಟರ್ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ನಡೆದ ಪರೀಕ್ಷೆಯು ಅಕ್ರಮಗಳ ಕಾರಣದಿಂದ 2022ರಲ್ಲಿ ರದ್ದಾಗಿ, ಮರುಪರೀಕ್ಷೆಯು 2024ರ ಜನವರಿಯಲ್ಲಿ ನಡೆಯಿತು. ಮುಂದೆ 2024ರ ಅಕ್ಟೋಬರಿನ ಕೊನೆಯಲ್ಲಿ, ಒಳಮೀಸಲಾತಿಯ ವಿಚಾರಣೆ ಮುಗಿಯುವ ತನಕ ಹೊಸ ನೇಮಕಾತಿಯ ಪ್ರಕಟಣೆಗಳು ಬೇಡವೆಂದು ಮಂತ್ರಿಮಂಡಲವು ನಿಶ್ಚಯಿಸಿತು. 2025ರ ಆಗಸ್ಟ್ ತಿಂಗಳಲ್ಲಿ ಆಯೋಗದ ವರದಿ ಬಂದು, ಅದರ ಮೇಲೆ ನಿರ್ಣಯವಾಯಿತು. ಆ ನಿರ್ಣಯಗಳ ಗುಣದೋಷಗಳನ್ನು ನಾವಿಲ್ಲಿ ವಿಚಾರಿಸುವದಿಲ್ಲ. ಧಾರವಾಡದ ಬಾಡಿಗೆಯ ಕೋಣೆಯಲ್ಲಿ ಪುಸ್ತಕ ಬಿಚ್ಚಿಕೊಂಡು ಕುಳಿತ ತರುಣನಿಗೆ ಈ ಅವಧಿಯಲ್ಲಿ ವಯಸ್ಸು ಮಾತ್ರ ಏರುತ್ತ ಹೋಯಿತು ಎಂಬಷ್ಟನ್ನೇ ನೆನಪಿಗೆ ತರುತ್ತೇವೆ.

ಸರಕಾರದ ಚಾಕರಿಯ ಗೊಡವೆಯೇ ಬೇಡವೆಂದು ಬೆಂಗಳೂರಿನ ಕಂಪನಿಗಳನ್ನು ಸೇರಿದವನ ಸ್ಥಿತಿಯು ಮೇಲೆಂದು ಹೇಳೋಣವೆ? ದೇಶದ ಅತಿ ದೊಡ್ಡ ಸಾಫ್ಟ್‌ವೇರ್ ಸಂಸ್ಥೆಯಾದ ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್ ತನ್ನ ನೌಕರವರ್ಗದಲ್ಲಿ ನೂರಕ್ಕೆ ಎರಡರಷ್ಟು, ಎಂದರೆ ಸುಮಾರು 12,000 ಜನರನ್ನು ಕಡಮೆ ಮಾಡುವದಾಗಿ 2025ರ ಜುಲೈ ತಿಂಗಳಲ್ಲಿ ಪ್ರಕಟಿಸಿತು. ಯಂತ್ರಗಳು ಬರೆಯಲೂ ಲೆಕ್ಕ ಮಾಡಲೂ ಕಲಿತಿರುವ ಈ ದಿನಗಳಲ್ಲಿ ಇಂಥ ಸುದ್ದಿ ಇದೇ ಕೊನೆಯದೆಂದು ನಂಬಲು ಆಧಾರವಿಲ್ಲ.

ಈ ಇಬ್ಬರು ತರುಣರೂ ಒಬ್ಬರನ್ನೊಬ್ಬರು ನೋಡಿ ಅಸೂಯೆಪಡುತ್ತಾರೆ. ಆದರೆ ಇಬ್ಬರೂ ಕಟ್ಟಿಕೊಂಡದ್ದು ಒಂದೇ ಬಾಗಿಲಿನ ಮನೆಯನ್ನು. ಆ ಬಾಗಿಲು ಹೊರಗಿನಿಂದ ಮುಚ್ಚಿದರೆ ಒಳಗಿದ್ದವನಿಗೆ ಹಾದಿಯಿಲ್ಲ. "ಯಾವ ಹುದ್ದೆ ಬೇಕು?" ಎಂದು ಕೇಳಿದರೆ ಥಟ್ಟನೆ ಉತ್ತರ ಕೊಡುತ್ತಾರೆ, "ಆ ಹುದ್ದೆಯಿಂದ ಏನು ಮಾಡಬೇಕೆಂದಿದ್ದೀರಿ?" ಎಂದರೆ ಸುಮ್ಮನಾಗುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ರೋಗದ ಮೂಲ ಈ ಮೌನದಲ್ಲಿದೆ.

ಕೇಂದ್ರ ಲೋಕಸೇವಾ ಆಯೋಗದ ಲೆಕ್ಕವನ್ನು ನೋಡಿರಿ. 2023ರ ಸಿವಿಲ್ ಸರ್ವಿಸ್ ಪರೀಕ್ಷೆಗೆ 10,16,850 ಜನರು ಅರ್ಜಿ ಹಾಕಿದರು. ಪೂರ್ವಭಾವಿ ಪರೀಕ್ಷೆಗೆ ನಿಜವಾಗಿ ಬಂದು ಕುಳಿತವರು 5,92,141. ಕೊನೆಗೆ ಆಯ್ಕೆಯಾದವರು 1,016. ಕುಳಿತವರಲ್ಲಿಯೇ ಸುಮಾರು 583 ಜನರಿಗೆ ಒಬ್ಬರು! ಉಳಿದ 582 ಜನರೆಲ್ಲ ದಡ್ಡರೆಂದು ಯಾರೂ ಹೇಳಲಾರರು. ಅವರಲ್ಲಿ ಎಷ್ಟೋ ಜನರು ಗೆದ್ದವರಿಗಿಂತ ನಾಲ್ಕೈದು ಅಂಕ ಮಾತ್ರ ಹಿಂದಿದ್ದಾರು. ಸಾಮಾನ್ಯ ವರ್ಗದವನಿಗೆ 32 ವರ್ಷದ ವರೆಗೆ ಆರು ಸಲ ಅವಕಾಶವುಂಟು. ಆರೂ ಸಲ ಪ್ರಯತ್ನಿಸುವದು ಅಪರಾಧವೂ ಅಲ್ಲ. ಆದರೆ ಆರನೆಯ ಸಲದ ಮಾರನೆಯ ದಿನ ಏನು ಮಾಡತಕ್ಕದ್ದು ಎಂಬದನ್ನು ಮೊದಲನೆಯ ಸಲ ಅರ್ಜಿ ಹಾಕುವಾಗಲೇ ಯೋಚಿಸಿದವರು ಎಷ್ಟು ಜನ? ಕೋಚಿಂಗ್ ಕ್ಲಾಸಿನವರು ಈ ಪಾಠವನ್ನು ಹೇಳಿಕೊಡರು. ಅವರ ಜಾಹೀರಾತಿನಲ್ಲಿ ಗೆದ್ದವರ ಭಾವಚಿತ್ರಗಳಿಗಷ್ಟೇ ಸ್ಥಳವಿರುತ್ತದೆ.

ಇಲ್ಲಿ ನಮಗೆ ಸರ್ ಎಂ. ವಿಶ್ವೇಶ್ವರಯ್ಯನವರ ನೆನಪು ಬರುತ್ತದೆ. ಅವರ ಹೆಸರನ್ನು ಹೇಳಿ ವರ್ಷಕ್ಕೊಮ್ಮೆ ಹೂಮಾಲೆ ಹಾಕುವದು ರೂಢಿಯಾಗಿದೆ. ಅವರು ನೌಕರಿಯನ್ನು ಹಿಡಿದ ಮತ್ತು ಬಿಟ್ಟ ರೀತಿಯನ್ನು ಗಮನಿಸುವವರು ಕಡಮೆ. ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡು, ಬೆಂಗಳೂರಿನಲ್ಲಿ ಹುಡುಗರಿಗೆ ಪಾಠ ಹೇಳಿ ಹೊಟ್ಟೆ ಹೊರೆದು, 1881ರಲ್ಲಿ ಬಿ.ಎ. ಮುಗಿಸಿದವರು ಅವರು. ಪುಣೆಯಲ್ಲಿ ಇಂಜಿನಿಯರಿಂಗ್ ಕಲಿತು 1884ರಲ್ಲಿ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ಸಕ್ಕರದ ನೀರಿನ ವ್ಯವಸ್ಥೆ, ದಖ್ಖನಿನ ನೀರಾವರಿಯ ಬ್ಲಾಕ್ ಪದ್ಧತಿ, ಖಡಕವಾಸಲಾದ ಸ್ವಯಂಚಾಲಿತ ಬಾಗಿಲುಗಳು ಎಲ್ಲವೂ ಆ ಕಾಲದ ಕೆಲಸಗಳೇ. ಇಷ್ಟಾದರೂ ಆ ಇಲಾಖೆಯ ತುತ್ತತುದಿಯ ಹುದ್ದೆಯು ಅಂದು ಭಾರತೀಯನಿಗೆ ದೊರೆಯುವಂತಿರಲಿಲ್ಲ. ಅವರು ಗೊಣಗುತ್ತ ಕುಳಿತುಕೊಳ್ಳಲಿಲ್ಲ. 1908ರಲ್ಲಿ ಸ್ವಯಿಚ್ಛೆಯಿಂದ ನಿವೃತ್ತರಾದರು. ಆ ವರ್ಷ ಮೂಸಿ ನದಿಯ ಪ್ರವಾಹದಿಂದ ಹಾಳಾದ ಹೈದರಾಬಾದಿನಿಂದ ಕರೆ ಬಂದಿತು. ಮುಂದೆ ಮೈಸೂರಿನ ಮುಖ್ಯ ಇಂಜಿನಿಯರ ಪದವಿಗೆ ಕರೆದಾಗ ಅವರು ಸಂಬಳದ ಮಾತು ಎತ್ತಲಿಲ್ಲ. ತಮಗೆ ಆಸಕ್ತಿಯಿದ್ದ ತಾಂತ್ರಿಕ ಶಿಕ್ಷಣಕ್ಕೂ ಕೈಗಾರಿಕೆಗಳಿಗೂ ಅಲ್ಲಿ ಅವಕಾಶವಿರುವದೋ ಎಂದು ಕೇಳಿ, ಉತ್ತರ ಬಂದ ಮೇಲೆ ಒಪ್ಪಿದರು. 1912ರಲ್ಲಿ ದಿವಾನರಾದರು; ಭಿನ್ನಾಭಿಪ್ರಾಯ ಬಂದಾಗ 1918ರಲ್ಲಿ ಅದನ್ನೂ ಬಿಟ್ಟರು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರಖಾನೆಯ ಹೊಣೆ ಹೊತ್ತರು, 1934ರಲ್ಲಿ ದೇಶದ ಯೋಜಿತ ಅರ್ಥವ್ಯವಸ್ಥೆಯ ಮೇಲೆ ಗ್ರಂಥ ಬರೆದರು. ಹುದ್ದೆಗಳು ಬಂದವು, ಹೋದವು. ಈ ನಾಡಿನ ಜನರು ಕೈಕೆಲಸವನ್ನೂ ಕೈಗಾರಿಕೆಯನ್ನೂ ಕಲಿಯಬೇಕೆಂಬ ಒಂದು ಹಂಬಲ ಮಾತ್ರ ಅವರನ್ನು ಬಿಟ್ಟು ಹೋಗಲಿಲ್ಲ. ಆ ಹಂಬಲವಿದ್ದುದರಿಂದಲೇ ಪ್ರತಿಯೊಂದು ರಾಜೀನಾಮೆಯ ಮರುದಿನವೂ ಅವರಿಗೆ ಕೆಲಸವಿತ್ತು.

ಅವರು ಅಸಾಮಾನ್ಯರು, ಅವರ ಮಾತೇಕೆ, ಎಂದು ವಾಚಕರು ಅಂದಾರು. ಹಾಗಾದರೆ ಮಾಸ್ತಿ ವೆಂಕಟೇಶ ಅಯ್ಯಂಗಾರರನ್ನು ನೋಡೋಣ. 1914ರಲ್ಲಿ ಮೈಸೂರು ಸಿವಿಲ್ ಸರ್ವಿಸಿಗೆ ಸೇರಿದ ಅವರು, ತಮಗಿಂತ ಕಿರಿಯರನ್ನು ಮೇಲೆ ಕೂರಿಸಿದಾಗ 1943ರಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಅವರ ಮೊದಲ ಕಥಾಸಂಗ್ರಹವು 1920ರಲ್ಲಿಯೇ ಹೊರಬಂದಿತ್ತೆಂಬದನ್ನು ಇದರೊಡನೆ ಸೇರಿಸಿ ಓದಬೇಕು. ಹಗಲು ಕಚೇರಿಯ ಕಾಗದಗಳಿಗೆ ರುಜು ಹಾಕುತ್ತಿದ್ದ ಕೈಯು ಇಪ್ಪತ್ತಕ್ಕೂ ಹೆಚ್ಚು ವರ್ಷ ಬಿಡುವಿನ ಹೊತ್ತಿನಲ್ಲಿ ಎರಡನೆಯ ಬಾಗಿಲನ್ನು ಕೆತ್ತುತ್ತಲೇ ಇದ್ದಿತು. ಸ್ವಾಭಿಮಾನದ ರಾಜೀನಾಮೆಯು ಒಂದು ದಿನದ ಆವೇಶದಿಂದ ಬರುವದಲ್ಲ. ಇನ್ನು ಡಿ.ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ನನ್ನೇ ದಾಟಲಿಲ್ಲ; ಆ ಸೋಲಿನಿಂದ ನಾಡಿಗೆ ಆದ ಲಾಭವನ್ನು ಎಣಿಸುವದು ಕಷ್ಟ.

ಈಗ ಹಣದ ಮಾತು. ನೀತಿಯ ವಿಷಯ ಬರೆಯುವವರು ಇದನ್ನು ಹಾರಿಸಿಬಿಡುತ್ತಾರೆ, ನಾವು ಹಾರಿಸಲಾರೆವು. ಆಯ್ದಕ್ಕಿ ಮಾರಯ್ಯ ಲಕ್ಕಮ್ಮರ ಕಥೆಯು ನಮ್ಮ ಮನೆಗಳಲ್ಲಿ ತಿಳಿದದ್ದೇ. ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನು ಅದನ್ನು ತಂದಲ್ಲಿಗೇ ಹಿಂದಿರುಗಿಸಲು ಕಳುಹಿಸಿದಳು. ಆ ಮನೆಗೆ ಎಷ್ಟು ಅಕ್ಕಿ ಸಾಕೆಂಬ ಅಳತೆ ಆಕೆಗೆ ಗೊತ್ತಿತ್ತು. ಇಂದಿನ ತರುಣನಿಗೆ ತನ್ನ ತಿಂಗಳ ಅಳತೆ ಗೊತ್ತಿಲ್ಲ. ಇಪ್ಪತ್ತೈದನೆಯ ವಯಸ್ಸಿನಲ್ಲಿ ಮೊದಲ ಸಂಬಳ ಬಂದ ಕೂಡಲೆ ಕಾರಿಗೊಂದು ಸಾಲ, ಫ್ಲ್ಯಾಟಿಗೊಂದು ಸಾಲ, ಮದುವೆಗೆ ಇನ್ನೊಂದು. ಸಂಬಳದ ಅರ್ಧವು ಕಂತುಗಳಲ್ಲಿ ಹೋಗುವವನು ಮೇಲಧಿಕಾರಿಯು ಸುಳ್ಳು ಲೆಕ್ಕಕ್ಕೆ ರುಜು ಹಾಕೆಂದಾಗ "ಆಗದು" ಎಂದು ಹೇಳುವ ಧೈರ್ಯವನ್ನು ಎಲ್ಲಿಂದ ತಂದಾನು? ಆರು ತಿಂಗಳ ಮನೆಖರ್ಚನ್ನು ಬ್ಯಾಂಕಿನಲ್ಲಿ ಇಟ್ಟುಕೊಂಡವನ ಪ್ರಾಮಾಣಿಕತೆಗೆ ಸ್ವಲ್ಪ ಬೆನ್ನೆಲುಬಿರುತ್ತದೆ. ಕಚೇರಿಗಳಲ್ಲಿರುವ ನಮ್ಮ ವಾಚಕರು ಈ ಮಾತನ್ನು ನಮಗಿಂತ ಚೆನ್ನಾಗಿ ಬಲ್ಲರು.

ಆದ್ದರಿಂದ ಪದವಿ ಮುಗಿಸಿದ ತರುಣ ತರುಣಿಯರು, ಅರ್ಜಿಗಳನ್ನು ತುಂಬುವದಕ್ಕೆ ಮುಂಚೆ, ತಾವು ಎಷ್ಟೇ ಸಂಬಳಕ್ಕೂ ಮಾಡಲೊಲ್ಲದ ಕೆಲಸ ಯಾವದು, ಸಂಬಳ ಕಡಮೆಯಾದರೂ ಮಾಡಬಯಸುವ ಕೆಲಸ ಯಾವದು ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಲಿ. ಪಾಠ ಹೇಳುವದರಲ್ಲಿ ಸಂತೋಷವುಳ್ಳವನು ತಹಶೀಲದಾರನಾಗದಿದ್ದರೆ ಪಾಠವನ್ನು ಬಿಡಬೇಕಾಗಿಲ್ಲ. ಊರ ಸೇವೆಯೇ ಗುರಿಯಾದವನಿಗೆ ಸಹಕಾರಿ ಸಂಘವುಂಟು, ಪಂಚಾಯತಿಯುಂಟು, ವಕೀಲಿಯುಂಟು. ಪರೀಕ್ಷೆಗೆ ಕೂಡುವದಾದರೆ ಎಷ್ಟು ವರ್ಷ ಎಂಬದನ್ನು ತಂದೆತಾಯಿಗಳ ಎದುರಿನಲ್ಲಿ ಮೊದಲೇ ಹೇಳಿಬಿಡಲಿ, ಆ ವರ್ಷಗಳಲ್ಲಿ ದಿನಕ್ಕೆ ನಾಲ್ಕು ತಾಸಾದರೂ ಕೂಲಿ ಬರುವ ಒಂದು ಕೆಲಸವನ್ನು ಕೈಯಲ್ಲಿ ಇಟ್ಟುಕೊಳ್ಳಲಿ. ಓದಿಗೆ ಅದರಿಂದ ಕೆಡುಕಾಗುವದೆಂಬ ಮಾತನ್ನು ನಾವು ಒಪ್ಪುವದಿಲ್ಲ. ಕಂಪನಿಯಲ್ಲಿ ಇರುವವರೂ ಸಂಬಳ ಬರುತ್ತಿರುವಾಗಲೇ ಇನ್ನೊಂದು ವಿದ್ಯೆಯನ್ನು ಕಲಿಯತಕ್ಕದ್ದು. ಕೆಲಸ ಹೋದ ಮೇಲೆ ಕಲಿಯಲು ಹೊರಟವನಿಗೆ ಕಲಿಕೆಯಲ್ಲಿ ಮನಸ್ಸು ನಿಲ್ಲದು.

ಹಿರಿಯರ ಪಾಲೂ ಇದರಲ್ಲಿ ಸಣ್ಣದಲ್ಲ. ಹೆಣ್ಣು ಕೊಡುವ ಮಾವನು ಮೊದಲು ಕೇಳುವ ಪ್ರಶ್ನೆ ಇಂದಿಗೂ "ಹುಡುಗನು ಸರಕಾರದಲ್ಲಿ ಇದ್ದಾನೆಯೇ?" ಎಂಬದೇ. ಅಂಗಡಿಯನ್ನೋ ತೋಟವನ್ನೋ ಚೆನ್ನಾಗಿ ನಡೆಯಿಸುವ ಹುಡುಗನಿಗೆ ಜಾತಕ ಹಿಂದಿರುಗಿ ಬರುತ್ತದೆ. ಲಂಚ ಹೊಡೆಯುವ ಗುಮಾಸ್ತನ ಬಾಗಿಲಲ್ಲಿ ಬೀಗರು ಸಾಲುಗಟ್ಟುತ್ತಾರೆ. ಇಂಥ ಮನೆಗಳಲ್ಲಿ ಬೆಳೆದ ಮಕ್ಕಳಿಗೆ ಮೌಲ್ಯಗಳ ಉಪದೇಶ ಮಾಡುವ ಅಧಿಕಾರ ನಮ್ಮಲ್ಲಿ ಎಷ್ಟು ಜನರಿಗಿದೆ?

ಸರಕಾರದ ಹೊಣೆಯು ಇನ್ನೂ ದೊಡ್ಡದು. 2024ರ ಜನವರಿ 12ರಂದು ಯುವನಿಧಿ ಯೋಜನೆ ಪ್ರಾರಂಭವಾದಾಗ ಪದವೀಧರನಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವನಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ ಕೊಡುವದಾಗಿ ಗೊತ್ತುಮಾಡಲಾಯಿತು. ಬಡವನ ಮಗನಿಗೆ ಇದು ಊಟದ ಖರ್ಚಾದೀತು, ಅದನ್ನು ನಾವು ಹೀಗಳೆಯೆವು. ಆದರೆ ಕಾಯುವವನಿಗೆ ಊಟ ಹಾಕುವದಕ್ಕಿಂತ ಮೊದಲು ಅವನನ್ನು ಎಷ್ಟು ದಿನ ಕಾಯಿಸುವೆವೆಂದು ಹೇಳುವದು ನ್ಯಾಯ. ಕೇಂದ್ರ ಆಯೋಗವು ತನ್ನ ಪರೀಕ್ಷೆಗಳ ದಿನಗಳನ್ನು ವರ್ಷದ ಪಂಚಾಂಗದಂತೆ ಮುಂಚೆಯೇ ಪ್ರಕಟಿಸುತ್ತದೆ. ನಮ್ಮ ಆಯೋಗವೂ ಹಾಗೆಯೇ ದಿನ ಗೊತ್ತುಮಾಡಿ ಅದರಂತೆ ನಡೆಯಲಿ. ಪ್ರಶ್ನೆಗಳನ್ನು ಕನ್ನಡದಲ್ಲಿಯೇ ಯೋಚಿಸಿ ಬರೆಯಬಲ್ಲವರಿಂದ ಬರೆಯಿಸಲಿ. ಇಷ್ಟಕ್ಕೆ ಹೊಸ ಕಾಯದೆಯೂ ಬೇಡ, ಹೊಸ ತೆರಿಗೆಯೂ ಬೇಡ. ಮುಂದಿನ ಅಧಿವೇಶನದಲ್ಲಿ ನಮ್ಮ ಭಾಗದ ಶಾಸಕರು ಈ ಎರಡು ವಿಷಯಗಳ ಮೇಲೆ ಮಂತ್ರಿಗಳಿಂದ ಸ್ಪಷ್ಟವಾದ ಉತ್ತರವನ್ನು ಪಡೆಯುವರೆಂದು ನಾವು ನಿರೀಕ್ಷಿಸುತ್ತೇವೆ.